ಮೈನಾರಿಟಿ ರಿಪೋರ್ಟ್ (ಚಲನಚಿತ್ರ)

ಮೈನಾರಿಟಿ ರಿಪೋರ್ಟ್ ಎಂಬುದು ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶನದ ಇಂಗ್ಲಿಷ್ ವೈಜ್ಞಾನಿಕ ಸಾಹಸ ಚಲನಚಿತ್ರ. ಮುಂದೆ ನಡೆಯಲಿರುವ ಕೊಲೆಗಳನ್ನು ಮೊದಲೇ ಕಂಡು, ಕೊಲೆಗಾರನಾಗಲಿರುವವನನ್ನು ಕೃತ್ಯಕ್ಕೆ ಮುನ್ನವೇ ಬಂಧಿಸುವ ಪೊಲೀಸ್ ವ್ಯವಸ್ಥೆಯೊಂದು ಇದರ ವಸ್ತು. 2002ರ ಜೂನ್ 21ರಂದು ಅಮೆರಿಕದಲ್ಲಿ ತೆರೆಕಂಡ ಈ ಚಿತ್ರದ ಅವಧಿ 145 ನಿಮಿಷ. ಟಾಮ್ ಕ್ರೂಸ್, ಕಾಲಿನ್ ಫಾರೆಲ್, ಸಮಾಂತಾ ಮಾರ್ಟನ್ ಮತ್ತು ಮ್ಯಾಕ್ಸ್ ವಾನ್ ಸಿಡೋ ಮುಖ್ಯ ಪಾತ್ರಗಳಲ್ಲಿದ್ದಾರೆ. ಪತ್ತೇದಾರಿ ಕಥೆ, ಬೆನ್ನಟ್ಟುವ ಸಾಹಸ ಮತ್ತು ತಾತ್ತ್ವಿಕ ಜಿಜ್ಞಾಸೆ ಮೂರೂ ಇದರಲ್ಲಿ ಸೇರಿರುವುದರಿಂದ, ಭವಿಷ್ಯದರ್ಶನವನ್ನು ವಸ್ತುವಾಗಿಸಿಕೊಂಡ ಚಿತ್ರಗಳ ಚರ್ಚೆಯಲ್ಲಿ ಇದರ ಹೆಸರು ಸಾಮಾನ್ಯವಾಗಿ ಮೊದಲಿಗೆ ಬರುತ್ತದೆ.

ಮೂಲ ಕಥೆ

ಅಮೆರಿಕದ ಲೇಖಕ ಫಿಲಿಪ್ ಕೆ. ಡಿಕ್ (1928–1982) ಬರೆದು, 'ಫೆಂಟಾಸ್ಟಿಕ್ ಯೂನಿವರ್ಸ್' ಪತ್ರಿಕೆಯ 1956ರ ಜನವರಿ ಸಂಚಿಕೆಯಲ್ಲಿ ಪ್ರಕಟವಾದ 'ದಿ ಮೈನಾರಿಟಿ ರಿಪೋರ್ಟ್' ಎಂಬ ಕಥೆ ಚಿತ್ರದ ಆಧಾರ. ಕಥೆಯ ನಾಯಕ ಜಾನ್ ಆ್ಯಂಡರ್ಟನ್ ವಯಸ್ಸಾದ, ಬೊಕ್ಕತಲೆಯ, ಸ್ಥೂಲದೇಹಿ ಅಧಿಕಾರಿ; ಅಪರಾಧ ನಡೆಯುವ ಮೊದಲೇ ಅದನ್ನು ತಡೆಯುವ ಇಲಾಖೆಯನ್ನು ಕಟ್ಟಿದವನೂ ಅವನೇ. ಬುದ್ಧಿಮಾಂದ್ಯರಂತೆ ಕಾಣುವ ಮೂವರು ತೊದಲಿದ ಮಾತುಗಳನ್ನು ಯಂತ್ರಗಳು ವಿಶ್ಲೇಷಿಸಿ, ಅಪರಾಧಿಯ ಹೆಸರನ್ನು ರಂಧ್ರಪತ್ರಗಳಲ್ಲಿ, ಅಂದರೆ ಆ ಕಾಲದ ಗಣಕಗಳು ಬಳಸುತ್ತಿದ್ದ ತೂತು ಕೊರೆದ ರಟ್ಟಿನ ಹಾಳೆಗಳಲ್ಲಿ, ಹೊರಹಾಕುತ್ತವೆ. ಹಾಗೆ ಬಂದ ಒಂದು ಹಾಳೆಯಲ್ಲಿ ಆ್ಯಂಡರ್ಟನ್ನನ ಹೆಸರೇ ಇರುತ್ತದೆ. ಅವನಿಂದ ಕೊಲೆಯಾಗಬೇಕಾದವನು ಕ್ಯಾಪ್ಲಾನ್ ಎಂಬ ಸೇನಾಧಿಕಾರಿ.

ಕಥೆಯ ತಿರುಳಿರುವುದು ಮೂರು ವರದಿಗಳ ಜೋಡಣೆಯಲ್ಲಿ. ಮೊದಲ ವರದಿಯ ಪ್ರಕಾರ ಆ್ಯಂಡರ್ಟನ್ ಕೊಲೆ ಮಾಡುತ್ತಾನೆ. ಎರಡನೆಯದು, ಅವನು ಮೊದಲ ವರದಿಯನ್ನು ಓದಿ ಮನಸ್ಸು ಬದಲಿಸಿದ ಭವಿಷ್ಯವನ್ನು ಹೇಳುತ್ತದೆ. ಮೂರನೆಯದು, ಎರಡನೆಯ ವರದಿಯನ್ನೂ ಅರಿತ ಮೇಲೆ ಅವನು ಮತ್ತೆ ಕೊಲೆಗೆ ತೀರ್ಮಾನಿಸುವುದನ್ನು ಹೇಳುತ್ತದೆ. ಎರಡು ವರದಿಗಳು ಒಂದೇ ಫಲಿತಾಂಶವನ್ನು ಸೂಚಿಸಿದ್ದರಿಂದ ಬಹುಮತವಿದೆ ಎಂದು ಭಾವಿಸಲಾಗಿದ್ದರೂ ಅವು ವಾಸ್ತವವಾಗಿ ಬೇರೆ ಬೇರೆ ಕಾಲದ, ಬೇರೆ ಬೇರೆ ಕಾರಣಗಳ ಚಿತ್ರಗಳು. ಮೂರಕ್ಕೆ ಮೂರೂ ಒಂಟಿ ವರದಿಗಳೇ. ವ್ಯವಸ್ಥೆಯನ್ನು ಉಳಿಸುವುದಕ್ಕಾಗಿ ಆ್ಯಂಡರ್ಟನ್ ಕ್ಯಾಪ್ಲಾನ್‌ನನ್ನು ಕೊಂದು, ಹೆಂಡತಿಯೊಡನೆ ಬೇರೊಂದು ಗ್ರಹಕ್ಕೆ ಗಡೀಪಾರಾಗುತ್ತಾನೆ. ಚಿತ್ರವು ಈ ಅಂತ್ಯವನ್ನು ಪೂರ್ತಿ ತಿರುವುಮುರುವು ಮಾಡಿದೆ.

ನಿರ್ಮಾಣ

ಡಿಕ್‌ನ ಮತ್ತೊಂದು ಕಥೆಯನ್ನು ಆಧರಿಸಿದ 'ಟೋಟಲ್ ರಿಕಾಲ್' (1990) ಚಿತ್ರದ ಮುಂದಿನ ಭಾಗವಾಗಿ ಈ ಕಥೆಯನ್ನು ಬಳಸುವ ಯೋಚನೆ ಮೊದಲು ಹುಟ್ಟಿತು. ಅದು ಕೈಗೂಡದೆ, 1990ರ ದಶಕದ ಕೊನೆಯಲ್ಲಿ ಸ್ವತಂತ್ರ ಚಿತ್ರವಾಗಿ ರೂಪಾಂತರ ಪಡೆಯಿತು. ಚಿತ್ರಕಥೆಯ ಶ್ರೇಯ ಸ್ಕಾಟ್ ಫ್ರಾಂಕ್ ಮತ್ತು ಜಾನ್ ಕೋಹೆನ್ ಅವರದು. ಕ್ರೂಸ್ 'ಮಿಷನ್: ಇಂಪಾಸಿಬಲ್ 2' ಚಿತ್ರದಲ್ಲಿಯೂ ಸ್ಪೀಲ್‌ಬರ್ಗ್ 'ಎ.ಐ.' ಚಿತ್ರದಲ್ಲಿಯೂ ತೊಡಗಿದ್ದರಿಂದ ಕೆಲಸ ವಿಳಂಬಗೊಂಡು, ಚಿತ್ರೀಕರಣವು 2001ರಲ್ಲಿ ವಾಷಿಂಗ್ಟನ್, ವರ್ಜೀನಿಯ ಮತ್ತು ಲಾಸ್ ಏಂಜಲೀಸ್‌ಗಳಲ್ಲಿ ನಡೆಯಿತು. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಮತ್ತು ಡ್ರೀಮ್‌ವರ್ಕ್ಸ್ ಸಂಸ್ಥೆಗಳು ಬಂಡವಾಳ ಹೂಡಿದವು. ವೆಚ್ಚ ಸುಮಾರು 10 ಕೋಟಿ ಡಾಲರ್.

ನಿರ್ಮಾಣದ ಇತಿಹಾಸದಲ್ಲಿ ಹೆಚ್ಚು ಉಲ್ಲೇಖಗೊಳ್ಳುವ ಘಟನೆ 1999ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಮೋನಿಕದ ಹೋಟೆಲೊಂದರಲ್ಲಿ ಸೇರಿದ ತಜ್ಞರ ಗೋಷ್ಠಿ. ಐವತ್ತು ವರ್ಷಗಳ ನಂತರದ ನಗರವನ್ನು ಕೇವಲ ಕಲ್ಪನೆಗೆ ಬಿಡದೆ ತರ್ಕಬದ್ಧವಾಗಿ ಕಟ್ಟಬೇಕೆಂಬ ಉದ್ದೇಶದಿಂದ ಸ್ಪೀಲ್‌ಬರ್ಗ್, ಭವಿಷ್ಯ ವಿಶ್ಲೇಷಕ ಪೀಟರ್ ಶ್ವಾರ್ಟ್ಸ್ ಅವರ ನೆರವಿನಿಂದ ವಿಜ್ಞಾನಿಗಳು, ವಾಸ್ತುಶಿಲ್ಪಿಗಳು ಮತ್ತು ಲೇಖಕರನ್ನು ಒಟ್ಟುಗೂಡಿಸಿದರು. ವರ್ಚುವಲ್ ರಿಯಾಲಿಟಿ ಕ್ಷೇತ್ರದ ಜರಾನ್ ಲಾನಿಯರ್, ಎಂ.ಐ.ಟಿ.ಯ ನೀಲ್ ಗರ್ಷೆನ್‌ಫೆಲ್ಡ್, ಕಾದಂಬರಿಕಾರ ಡಗ್ಲಸ್ ಕೂಪ್ಲಂಡ್, ಸ್ಟೀವರ್ಟ್ ಬ್ರಾಂಡ್ ಮೊದಲಾದವರು ಅದರಲ್ಲಿದ್ದರು. ಈ ಚರ್ಚೆಯಿಂದ ದೊರೆತ ಸಂಗತಿಗಳನ್ನು ಕಲಾನಿರ್ದೇಶಕ ಅಲೆಕ್ಸ್ ಮೆಕ್‌ಡವೆಲ್ ಅವರ ತಂಡ ಒಂದು ಕೈಪಿಡಿಯಾಗಿ ಕ್ರೋಡೀಕರಿಸಿ, 2054ರ ಮನೆ, ರಸ್ತೆ, ಜಾಹೀರಾತು ಮತ್ತು ಆಯುಧಗಳಿಗೆ ಅದನ್ನೇ ಆಕರವಾಗಿಟ್ಟುಕೊಂಡಿತು.

ಕಥಾವಸ್ತು

ಕಥೆ ನಡೆಯುವುದು 2054ರ ವಾಷಿಂಗ್ಟನ್ ನಗರದಲ್ಲಿ. 'ಪ್ರೀಕ್ರೈಂ' ಎಂಬ ಪೊಲೀಸ್ ವಿಭಾಗದಿಂದಾಗಿ ಅಲ್ಲಿ ಆರು ವರ್ಷಗಳಿಂದ ಕೊಲೆಯೇ ಆಗಿಲ್ಲ. ವ್ಯವಸ್ಥೆಯನ್ನು ದೇಶಕ್ಕೆಲ್ಲ ವಿಸ್ತರಿಸುವ ಕುರಿತು ಜನಮತಗಣನೆ ಸಮೀಪಿಸಿದೆ. ವಿಭಾಗದ ಮುಖ್ಯಾಧಿಕಾರಿ ಜಾನ್ ಆ್ಯಂಡರ್ಟನ್ ಈ ವ್ಯವಸ್ಥೆಯನ್ನು ಪ್ರಾಮಾಣಿಕವಾಗಿ ನಂಬಿದವನು. ಈಜುಕೊಳವೊಂದರಲ್ಲಿ ತಾನು ಉಸಿರು ಬಿಗಿಹಿಡಿದು ನೀರಿನಡಿ ಇದ್ದಾಗ ಮಗ ಶಾನ್ ಅಪಹರಣಕ್ಕೀಡಾದ ದುಃಖವನ್ನು ಅವನು ಮಾದಕ ವಸ್ತುವಿನಲ್ಲಿ ಮರೆಯುತ್ತಿದ್ದಾನೆ, ಹೆಂಡತಿ ಲಾರಾಳಿಂದ ದೂರವಾಗಿದ್ದಾನೆ. ನ್ಯಾಯ ಇಲಾಖೆಯ ಡ್ಯಾನಿ ವಿಟ್ವರ್ ತನಿಖೆಗೆ ಬಂದಿರುವ ಹೊತ್ತಿನಲ್ಲೇ, ಆ್ಯಂಡರ್ಟನ್ 36 ಗಂಟೆಗಳೊಳಗೆ ಲಿಯೋ ಕ್ರೋ ಎಂಬ ಅಪರಿಚಿತನನ್ನು ಕೊಲ್ಲುತ್ತಾನೆಂಬ ಭವಿಷ್ಯ ಹೊರಬೀಳುತ್ತದೆ.

ಅಲ್ಲಿಂದ ತಪ್ಪಿಸಿಕೊಂಡ ನಾಯಕ ವ್ಯವಸ್ಥೆಯ ಮೂಲ ಸಂಶೋಧಕಿ ಐರಿಸ್ ಹೈನ್‌ಮನ್ನಳನ್ನು ಕಂಡು, ಭವಿಷ್ಯ ಕಾಣುವ ಮೂವರ ನಡುವೆ ಕೆಲವೊಮ್ಮೆ ಭಿನ್ನಾಭಿಪ್ರಾಯ ಬರುವುದುಂಟೆಂದೂ ಆ ವರದಿಗಳನ್ನು ನಾಶಪಡಿಸಲಾಗುತ್ತದೆಂದೂ ತಿಳಿಯುತ್ತಾನೆ. ಎಲ್ಲೆಡೆಯ ಕಣ್ಣಿನ ಸ್ಕ್ಯಾನರುಗಳಿಂದ ಪಾರಾಗಲು ಕಾನೂನುಬಾಹಿರ ಶಸ್ತ್ರಚಿಕಿತ್ಸೆಯಿಂದ ತನ್ನ ಕಣ್ಣುಗಳನ್ನೇ ಬದಲಿಸಿಕೊಂಡು, ಮೂವರಲ್ಲಿ ಅತಿ ಸಮರ್ಥಳಾದ ಆಗಾಥಾಳನ್ನು ಅಪಹರಿಸುತ್ತಾನೆ. ಅವಳ ಸ್ಮೃತಿಯಲ್ಲಿ ಅವನ ಪಾಲಿನ ಭಿನ್ನ ವರದಿ ಇರುವುದೇ ಇಲ್ಲ. ಹೋಟೆಲ್ ಕೋಣೆಯಲ್ಲಿ ಎದುರಾದ ಕ್ರೋ ತಾನೇ ಶಾನ್‌ನನ್ನು ಕೊಂದವನೆಂದು ಹೇಳಿದರೂ ಆ್ಯಂಡರ್ಟನ್ ಅವನನ್ನು ಕೊಲ್ಲದೆ ಬಂಧಿಸಲು ಮುಂದಾಗುತ್ತಾನೆ. ಆದರೆ ಕ್ರೋ ತನ್ನ ಕುಟುಂಬಕ್ಕೆ ಹಣ ಸಿಗಲೆಂದು ಸುಳ್ಳು ಹೇಳಲು ಒಪ್ಪಿದ್ದವನು. ಬಂದೂಕನ್ನು ತಾನೇ ಎಳೆದುಕೊಂಡು ಸಾಯುತ್ತಾನೆ.

ಸಂಚಿನ ಹಿಂದಿರುವವನು ವಿಭಾಗದ ನಿರ್ದೇಶಕ ಲಮಾರ್ ಬರ್ಜೆಸ್. ಆಗಾಥಾಳ ತಾಯಿ ಆ್ಯನ್ ಲೈವ್ಲಿ ವ್ಯಸನದಿಂದ ಚೇತರಿಸಿಕೊಂಡು ಮಗಳನ್ನು ಮರಳಿ ಕೇಳಿದಾಗ, ಆಗಾಥಾ ಇಲ್ಲದೆ ವ್ಯವಸ್ಥೆ ಉಳಿಯದೆಂದು ಅವನು ತಾಯಿಯನ್ನು ಕೊಂದಿರುತ್ತಾನೆ. ಸತ್ಯ ಬಯಲಾದಾಗ ಅವನ ಮುಂದೆ ಉಳಿಯುವುದು ಎರಡೇ ದಾರಿ: ಆ್ಯಂಡರ್ಟನ್ನನನ್ನು ಕೊಂದು ತನ್ನ ಕುರಿತ ಭವಿಷ್ಯವನ್ನು ನಿಜಮಾಡಿ ಸೆರೆಮನೆಗೆ ಹೋಗುವುದು, ಇಲ್ಲವೇ ಕೊಲ್ಲದೆ ಬಿಟ್ಟು ವ್ಯವಸ್ಥೆ ಸುಳ್ಳೆಂದು ತೋರಿಸಿಕೊಡುವುದು. ಅವನು ತನಗೇ ಗುಂಡು ಹಾರಿಸಿಕೊಳ್ಳುತ್ತಾನೆ. ಪ್ರೀಕ್ರೈಂ ರದ್ದಾಗಿ ಬಂಧಿತರೆಲ್ಲ ಬಿಡುಗಡೆಯಾಗುತ್ತಾರೆ.

ಪ್ರೀಕ್ರೈಂ ವ್ಯವಸ್ಥೆಯ ರಚನೆ

ಚಿತ್ರದಲ್ಲಿ ಭವಿಷ್ಯವನ್ನು ಕಾಣುವುದು ಯಂತ್ರವಲ್ಲ, 'ಪ್ರೀಕಾಗ್' ಎಂದು ಕರೆಯಲಾಗುವ ಮೂವರು ಮನುಷ್ಯರು. ಈ ಲೇಖನದಲ್ಲಿ ಅವರನ್ನು ಪೂರ್ವದರ್ಶಿಗಳು ಎಂದು ಕರೆಯಲಾಗಿದೆ. ಮಾದಕ ವ್ಯಸನಿ ತಾಯಂದಿರಿಗೆ ಹುಟ್ಟಿದ ಇವರಿಗೆ ಬಾಲ್ಯದಿಂದಲೇ ಕೊಲೆಗಳ ಕನಸು ಬೀಳುತ್ತಿತ್ತು. ಆಗಾಥಾ, ಆರ್ಥರ್ ಮತ್ತು ಡ್ಯಾಶಿಯಲ್ ಎಂಬ ಹೆಸರುಗಳು ಪತ್ತೇದಾರಿ ಸಾಹಿತ್ಯದ ಆಗಾಥಾ ಕ್ರಿಸ್ಟಿ, ಆರ್ಥರ್ ಕಾನನ್ ಡಾಯ್ಲ್ ಮತ್ತು ಡ್ಯಾಶಿಯಲ್ ಹ್ಯಾಮೆಟ್ ಅವರನ್ನು ನೆನಪಿಸುತ್ತವೆ. ಪೊಲೀಸರು 'ದೇವಾಲಯ' ಎಂದೇ ಕರೆಯುವ ಕೋಣೆಯೊಂದರ ಕೊಳದಲ್ಲಿ, ಔಷಧಗಳ ಅಮಲಿನಲ್ಲಿ ಅರೆನಿದ್ರೆಯಲ್ಲಿ ತೇಲುವ ಇವರ ಮಿದುಳಿನ ಚಿತ್ರಗಳು ಪರದೆಗೆ ಬರುತ್ತವೆ. ಅದೇ ವೇಳೆಗೆ ಯಂತ್ರವೊಂದು ಮರದ ಚೆಂಡುಗಳ ಮೇಲೆ ಕೊಲೆಯಾಗಲಿರುವವರ ಹಾಗೂ ಕೊಲೆಗಾರನ ಹೆಸರುಗಳನ್ನು ಕೆತ್ತಿ ಹೊರಡಿಸುತ್ತದೆ: ಮುಂಚೆಯೇ ಯೋಜಿಸಿದ ಕೊಲೆಗೆ ಕಂದು ಚೆಂಡು, ಕ್ಷಣದ ಆವೇಶದ ಕೊಲೆಗೆ ಕೆಂಪು ಚೆಂಡು. ಇಂಥ ವ್ಯವಸ್ಥೆಯಿರುವ ಊರಿನಲ್ಲಿ ಯೋಜಿಸಿ ಕೊಲ್ಲಲು ಯಾರೂ ಮುಂದಾಗದ ಕಾರಣ ಕಂದು ಚೆಂಡು ಅಪರೂಪ. ಆ್ಯಂಡರ್ಟನ್ನನ ಹೆಸರು ಬರುವುದು ಕಂದು ಚೆಂಡಿನ ಮೇಲೆ, ಆದರೆ ಕೊಲೆಯಾಗಲಿರುವವನ ಪರಿಚಯವೇ ಅವನಿಗಿಲ್ಲ.

ಚೆಂಡು ಹೆಸರನ್ನಷ್ಟೇ ಹೇಳುತ್ತದೆ, ಸ್ಥಳವನ್ನು ಹುಡುಕಬೇಕಾದವರು ಪೊಲೀಸರು. ಚಿತ್ರದ ಆರಂಭದ ಪ್ರಕರಣ ಈ ಕಾರ್ಯವಿಧಾನವನ್ನು ವಿವರವಾಗಿ ತೋರಿಸುತ್ತದೆ. ಹೆಂಡತಿಯ ಪರಸಂಬಂಧವನ್ನು ಕಂಡ ಗಂಡನೊಬ್ಬ ಕತ್ತರಿ ಎತ್ತಿಕೊಳ್ಳುವ ದೃಶ್ಯ ಪರದೆಯಲ್ಲಿದ್ದರೂ ಮನೆ ಎಲ್ಲಿದೆಯೆಂಬುದು ತಿಳಿಯುವುದಿಲ್ಲ. ಕಿಟಕಿಯಾಚೆ ಕಾಣುವ ಬಾಲಕನೊಬ್ಬ ಎರಡು ಚಿತ್ರಿಕೆಗಳಲ್ಲಿ ಎರಡು ಕಡೆ ಇರುವುದನ್ನು ಗಮನಿಸಿದ ಆ್ಯಂಡರ್ಟನ್, ಅವನು ತಿರುಗಣಿ ಆಟದ ಮೇಲಿದ್ದಾನೆಂದು ಊಹಿಸಿ, ಅಂಥ ಆಟವಿರುವ ಉದ್ಯಾನದ ಎದುರಿನ ಮನೆಗೆ ಕೊನೆಯ ಕ್ಷಣದಲ್ಲಿ ತಲುಪುತ್ತಾನೆ. ಕಂಡದ್ದಕ್ಕೂ ಓದಿಕೊಂಡದ್ದಕ್ಕೂ ನಡುವೆ ಮನುಷ್ಯನ ವಿವೇಚನೆಯ ಒಂದು ಹಂತ ಇದ್ದೇ ಇದೆಯೆಂಬುದನ್ನು ಚಿತ್ರ ಇಲ್ಲಿಯೇ ಸ್ಥಾಪಿಸುತ್ತದೆ. ಮುಂದಿನ ಮೋಸಕ್ಕೆ ಅವಕಾಶ ಸಿಗುವುದೂ ಇದೇ ಹಂತದಲ್ಲಿ.

ಬಂಧಿತನಿಗೆ ವಿಚಾರಣೆ ಇಲ್ಲ. ತಲೆಗೆ 'ಹೇಲೋ' ಎಂಬ ಪಟ್ಟಿ ತೊಡಿಸಿ ಪ್ರಜ್ಞೆಯನ್ನು ಸ್ತಂಭಿಸಿ, ನೆಲಮಾಳಿಗೆಯ ಗಾಜಿನ ಕೊಳವೆಗಳಲ್ಲಿ ನಿಲ್ಲಿಸಲಾಗುತ್ತದೆ. ಈ ಸೆರೆಮನೆಯ ಕಾವಲುಗಾರ ಗಿಡಿಯನ್ ಆರ್ಗನ್ ವಾದ್ಯದಲ್ಲಿ ಬಾಖ್‌ನ ಭಕ್ತಿಸಂಗೀತ ನುಡಿಸುತ್ತಿರುತ್ತಾನೆ.

ಎರಡು ಪಾರಿಭಾಷಿಕ ಪದಗಳು ಕಥೆಗೆ ಮುಖ್ಯ. ಮೂವರಲ್ಲಿ ಒಬ್ಬರು ಕಂಡ ಭವಿಷ್ಯ ಉಳಿದಿಬ್ಬರದಕ್ಕಿಂತ ಭಿನ್ನವಾಗಿದ್ದರೆ ಅದು 'ಅಲ್ಪಮತದ ವರದಿ'. ಚಿತ್ರದ ಶೀರ್ಷಿಕೆ ಇದೇ. ಒಮ್ಮೆ ಕಂಡ ಕೊಲೆ ಪೂರ್ವದರ್ಶಿಗಳ ಮನಸ್ಸಿನಲ್ಲಿ ಮತ್ತೆ ಮೂಡಿದರೆ ಅದು 'ಪ್ರತಿಧ್ವನಿ', ಅದನ್ನು ತಂತ್ರಜ್ಞರು ಅಳಿಸಿಹಾಕುತ್ತಾರೆ. ಬರ್ಜೆಸ್‌ನ ಉಪಾಯ ನಿಂತಿರುವುದು ಈ ಎರಡನೆಯದರ ಮೇಲೆ. ಅವನು ಆ್ಯನ್ ಲೈವ್ಲಿಯನ್ನು ಸರೋವರದಲ್ಲಿ ಮುಳುಗಿಸಿ ಕೊಲ್ಲಲು ಅಲೆಮಾರಿಯೊಬ್ಬನನ್ನು ಗೊತ್ತುಮಾಡುತ್ತಾನೆ. ಪ್ರೀಕ್ರೈಂ ಅದನ್ನು ತಡೆದು ಹಿಂದಿರುಗಿದ ಮೇಲೆ ಅದೇ ವೇಷದಲ್ಲಿ, ಅದೇ ಜಾಗದಲ್ಲಿ, ಅದೇ ರೀತಿಯಲ್ಲಿ ತಾನೇ ಅವಳನ್ನು ಕೊಲ್ಲುತ್ತಾನೆ. ಎರಡನೆಯ ದರ್ಶನವನ್ನು ತಂತ್ರಜ್ಞರು ಪ್ರತಿಧ್ವನಿಯೆಂದು ತಿಳಿದು ಕಡೆಗಣಿಸುತ್ತಾರೆ. ಎರಡು ಚಿತ್ರಿಕೆಗಳಲ್ಲಿ ನೀರಿನ ಕಿರುಅಲೆಗಳು ಬೇರೆ ಬೇರೆ ದಿಕ್ಕಿಗೆ ಸಾಗುತ್ತಿರುವುದನ್ನು, ಅಂದರೆ ಅವು ಎರಡು ಹೊತ್ತಿನ ಎರಡು ಘಟನೆಗಳೆಂಬುದನ್ನು, ವಿಟ್ವರ್ ಪತ್ತೆಹಚ್ಚಿ ಬರ್ಜೆಸ್‌ಗೆ ತಿಳಿಸುತ್ತಾನೆ, ಮತ್ತು ಅಲ್ಲಿಯೇ ಅವನ ಕೈಯಿಂದ ಹತನಾಗುತ್ತಾನೆ.

ದೃಶ್ಯಶೈಲಿ ಮತ್ತು ಸಂಗೀತ

ಛಾಯಾಗ್ರಾಹಕ ಯಾನುಷ್ ಕಮಿನ್ಸ್ಕಿ ಅವರು ಫಿಲ್ಮ್ ಸಂಸ್ಕರಣೆಯ ವೇಳೆ ಬೆಳ್ಳಿಯ ಕಣಗಳನ್ನು ತೊಳೆದು ತೆಗೆಯದೆ ಉಳಿಸಿಕೊಳ್ಳುವ ವಿಧಾನವನ್ನು ಬಳಸಿದರು. ಇದರಿಂದ ಬಣ್ಣಗಳು ಮಾಸಿ, ನೆರಳು ಬೆಳಕುಗಳ ಅಂತರ ಹೆಚ್ಚಿ, ತಣ್ಣನೆಯ ನೀಲಿಬೂದು ಛಾಯೆ ಇಡೀ ಚಿತ್ರವನ್ನು ಆವರಿಸಿದೆ. 1940ರ ದಶಕದ ಅಮೆರಿಕನ್ ಅಪರಾಧ ಚಿತ್ರಗಳ ಛಾಯೆ ಉದ್ದೇಶಪೂರ್ವಕವಾದದ್ದು. ಸಂಕಲನ ಮೈಕೆಲ್ ಕಾನ್, ಸಂಗೀತ ಜಾನ್ ವಿಲಿಯಮ್ಸ್. ಆ್ಯಂಡರ್ಟನ್ ಪರದೆಯ ಮುಂದೆ ಚಿತ್ರಗಳನ್ನು ಕೈಯಾಡಿಸಿ ಸರಿಸುವ ದೃಶ್ಯಕ್ಕೆ ಶೂಬರ್ಟ್‌ನ 'ಅಪೂರ್ಣ ಸಿಂಫನಿ' ಹಿನ್ನೆಲೆಯಾಗಿ, ಅವನು ವಾದ್ಯವೃಂದವನ್ನು ನಡೆಸುತ್ತಿರುವಂತೆ ಕಾಣಿಸುತ್ತದೆ.

ಸಾಹಸ ದೃಶ್ಯಗಳಲ್ಲಿ ಎರಡು ಪ್ರತ್ಯೇಕ ಉಲ್ಲೇಖಕ್ಕೆ ಅರ್ಹ. ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಬಡಜನರ ವಸತಿಕಟ್ಟಡವೊಂದರಲ್ಲಿ ಅಡಗಿರುವ ನಾಯಕನನ್ನು ಹುಡುಕಲು ಪೊಲೀಸರು ಜೇಡದ ಆಕಾರದ ಪುಟ್ಟ ಯಂತ್ರಗಳನ್ನು ಬಿಡುತ್ತಾರೆ. ಕ್ಯಾಮೆರಾ ಮೇಲಿನಿಂದ, ಚಾವಣಿಗಳೇ ಇಲ್ಲವೆಂಬಂತೆ ಕೋಣೆಯಿಂದ ಕೋಣೆಗೆ ಸಾಗುವಾಗ, ಜಗಳವಾಡುತ್ತಿರುವ ದಂಪತಿ ಜಗಳ ನಿಲ್ಲಿಸಿ ಕಣ್ಣು ತೋರಿಸಿ ಮತ್ತೆ ಜಗಳಕ್ಕಿಳಿಯುತ್ತಾರೆ. ಕಣ್ಗಾವಲಿಗೆ ಒಗ್ಗಿಹೋದ ಸಮಾಜವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ದೃಶ್ಯಗಳು ವಿರಳ. ಎರಡನೆಯದು ಮಾಲ್‌ನ ದೃಶ್ಯ. ಸರಿಯಾಗಿ ನಿಲ್ಲಲೂ ಆಗದ ಆಗಾಥಾ ನಾಯಕನ ಹೆಗಲಿಗೆ ಒರಗಿ, ಕೆಲವೇ ಕ್ಷಣ ಮುಂದಿನದನ್ನು ಕಾಣುತ್ತ ಅವನನ್ನು ನಡೆಸುತ್ತಾಳೆ: ಇಲ್ಲಿ ನಿಲ್ಲು ಎನ್ನುತ್ತಾಳೆ, ಬಲೂನು ಮಾರುವವನು ಅಡ್ಡ ಬಂದು ಪೊಲೀಸರ ನೋಟ ಮರೆಯಾಗುತ್ತದೆ, ಕೊಡೆ ತೆಗೆದುಕೋ ಎನ್ನುತ್ತಾಳೆ, ಹೊರಗೆ ಮಳೆ ಸುರಿಯುತ್ತಿದ್ದು ಕೊಡೆಗಳ ಗುಂಪಿನಲ್ಲಿ ಇಬ್ಬರೂ ಕರಗಿಹೋಗುತ್ತಾರೆ. ಭವಿಷ್ಯದರ್ಶನವನ್ನು ಸಾಹಸದ ಸಾಧನವಾಗಿ ಇಷ್ಟು ಲೆಕ್ಕಾಚಾರದಿಂದ ಬಳಸಿಕೊಂಡ ಭಾಗ ಚಿತ್ರದಲ್ಲಿ ಮತ್ತೊಂದಿಲ್ಲ.

ತಂತ್ರಜ್ಞಾನದ ಚಿತ್ರಣ

ಬೆರಳ ತುದಿಯಲ್ಲಿ ಬೆಳಕು ಮಿನುಗುವ ಕೈಗವಸು ತೊಟ್ಟು ಪಾರದರ್ಶಕ ಪರದೆಯ ಮೇಲಿನ ಚಿತ್ರಗಳನ್ನು ಗಾಳಿಯಲ್ಲೇ ಹಿಗ್ಗಿಸುವ, ತಳ್ಳುವ ವಿಧಾನವನ್ನು ಎಂ.ಐ.ಟಿ. ಮೀಡಿಯಾ ಲ್ಯಾಬ್‌ನ ಜಾನ್ ಅಂಡರ್‌ಕಾಫ್ಲರ್ ರೂಪಿಸಿದರು. ಅವರು ಪ್ರತಿ ಸನ್ನೆಗೂ ನಿಶ್ಚಿತ ಅರ್ಥವಿರುವ ಒಂದು ಭಾಷೆಯನ್ನೇ ಸಿದ್ಧಪಡಿಸಿ ನಟರಿಗೆ ಕಲಿಸಿದರು. ಮುಂದೆ ಆಬ್ಲಾಂಗ್ ಇಂಡಸ್ಟ್ರೀಸ್ ಎಂಬ ಸಂಸ್ಥೆ ಕಟ್ಟಿ ಅದನ್ನು ನಿಜವಾದ ಉತ್ಪನ್ನವಾಗಿಸಿದರು. ತೋಳುಗಳನ್ನು ಬಹಳ ಹೊತ್ತು ಎತ್ತಿಹಿಡಿಯಬೇಕಾದ್ದರಿಂದ ಬರುವ ದಣಿವು ಈ ಬಗೆಯ ಸಾಧನಗಳ ಕೊರತೆಯಾಗಿಯೇ ಉಳಿದಿದೆ. ಜನಬಳಕೆಗೆ ಬಂದದ್ದು ಬೆರಳಿನಿಂದ ಮುಟ್ಟುವ ಪರದೆ. 2007ರ ಐಫೋನ್ ಅದನ್ನು ಎಲ್ಲರ ಕೈಗೆ ತಲುಪಿಸಿತು.

ಕಣ್ಣನ್ನು ಸ್ಕ್ಯಾನ್ ಮಾಡಿ ಗುರುತಿಸುವ ಯಂತ್ರಗಳು ಚಿತ್ರದಲ್ಲಿ ಪೊಲೀಸರಿಗಷ್ಟೇ ಅಲ್ಲ, ವ್ಯಾಪಾರಿಗಳಿಗೂ ಸೇರಿವೆ. ಬಟ್ಟೆ ಅಂಗಡಿಗೆ ಕಾಲಿಟ್ಟೊಡನೆ ಪರದೆಯೊಂದು ಗಿರಾಕಿಯನ್ನು ಹೆಸರು ಹಿಡಿದು ಕರೆದು ಹಿಂದಿನ ಖರೀದಿಯನ್ನು ವಿಚಾರಿಸುತ್ತದೆ. ಬದಲಿಸಿದ ಕಣ್ಣುಗಳ ನಾಯಕನನ್ನು ಅದು ಯಾಕಾಮೊಟೊ ಎಂದು ಕರೆಯುವುದು ಚಿತ್ರದ ವಿರಳ ಹಾಸ್ಯಗಳಲ್ಲೊಂದು. ಲೆಕ್ಸಸ್, ಗ್ಯಾಪ್, ನೋಕಿಯಾ ಮೊದಲಾದ ನಿಜ ಸಂಸ್ಥೆಗಳ ಹೆಸರುಗಳು ತೆರೆಯ ಮೇಲೆ ಕಾಣುತ್ತವೆ. ಜಾಹೀರಾತಿನ ಕಾಟವನ್ನು ಟೀಕಿಸುವ ಚಿತ್ರವೇ ಜಾಹೀರಾತಿಗೆ ವೇದಿಕೆಯಾದುದನ್ನು ವಿಮರ್ಶಕರು ಆಗಲೇ ಎತ್ತಿ ತೋರಿಸಿದ್ದರು. ಕಣ್ಣಿನ ಪಾಪೆಯ ಸುತ್ತಲಿನ ವರ್ಣಪಟಲದಿಂದ ವ್ಯಕ್ತಿಯನ್ನು ಗುರುತಿಸುವ ವಿಧಾನ ಭಾರತದಲ್ಲಿ ಆಧಾರ್ ಯೋಜನೆಯ ಅಂಗವಾಗಿದೆ. ಅದರ ಮೊದಲ ಸಂಖ್ಯೆಯನ್ನು 2010ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ತೆಂಭ್ಲಿ ಗ್ರಾಮದಲ್ಲಿ ನೀಡಲಾಯಿತು.

ತಾತ್ತ್ವಿಕ ಪ್ರಶ್ನೆ

ಭವಿಷ್ಯ ನಿಶ್ಚಿತವಾಗಿದ್ದರೆ ಅದನ್ನು ತಡೆಯಲಾಗದು. ತಡೆಯಬಹುದಾದರೆ ಅದು ನಿಶ್ಚಿತವಾಗಿರಲಿಲ್ಲ, ಹಾಗಿದ್ದ ಮೇಲೆ ಶಿಕ್ಷೆ ಯಾತಕ್ಕೆ? ಪ್ರೀಕ್ರೈಂನ ಅಡಿಪಾಯದಲ್ಲಿರುವ ಈ ವಿರೋಧಾಭಾಸವನ್ನು ವಿಟ್ವರ್ ಎತ್ತಿದಾಗ ಆ್ಯಂಡರ್ಟನ್ ಉತ್ತರವಾಗಿ ಮರದ ಚೆಂಡೊಂದನ್ನು ಮೇಜಿನ ಮೇಲೆ ಉರುಳಿಸುತ್ತಾನೆ. ಅದು ಬೀಳುವ ಮುನ್ನ ವಿಟ್ವರ್ ಹಿಡಿಯುತ್ತಾನೆ. ಹಿಡಿದದ್ದರಿಂದ ಅದು ಬೀಳಲಿತ್ತು ಎಂಬುದು ಸುಳ್ಳಾಗದು ಎಂಬುದು ಆ್ಯಂಡರ್ಟನ್ನನ ವಾದ. ವಾದ ಚುರುಕಾಗಿದ್ದರೂ ದುರ್ಬಲ: ಚೆಂಡಿಗೆ ತಾನು ಬೀಳಲಿರುವುದು ತಿಳಿಯದು, ತಿಳಿದರೂ ಅದು ನಿಲ್ಲಲಾರದು. ಮನುಷ್ಯನಿಗೆ ತನ್ನ ಮುಂದಿನ ಕೃತ್ಯ ತಿಳಿದರೆ ಆಯ್ಕೆಯ ಅವಕಾಶ ತೆರೆಯುತ್ತದೆ ಎಂಬುದು ಹೋಟೆಲ್ ಕೋಣೆಯ ದೃಶ್ಯದ ನಿಲುವು. ಡಿಕ್‌ನ ಕಥೆಯಲ್ಲಿ ಅದೇ ತಿಳಿವಳಿಕೆ ನಾಯಕನನ್ನು ಕೊಲೆಯತ್ತ ಮರಳಿಸುತ್ತದೆ.

ಬರ್ಜೆಸ್‌ನ ಕೊನೆಯ ಪ್ರಕರಣವನ್ನು ಬಿಟ್ಟರೆ ಪೂರ್ವದರ್ಶಿಗಳು ಚಿತ್ರದಲ್ಲಿ ಸುಳ್ಳು ಕಾಣುವುದಿಲ್ಲ ಎಂಬುದು ಗಮನಾರ್ಹ. ಲೈವ್ಲಿಯ ಎರಡೂ ಪ್ರಕರಣಗಳನ್ನು ಅವರು ಕಂಡಿದ್ದರು. ಕ್ರೋ ಸಾಯುವ ನೋಟವೂ ಹೆಚ್ಚುಕಡಿಮೆ ಅವರು ಕಂಡಂತೆಯೇ ಇದೆ. ತಪ್ಪಿರುವುದು ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಅಳಿಸಬೇಕು ಎಂದು ತೀರ್ಮಾನಿಸುವವರಲ್ಲಿ. ಕಣ್ಣಿನ ಪ್ರತಿಮೆಗಳು ಚಿತ್ರದುದ್ದಕ್ಕೂ ಮರುಕಳಿಸುವುದಕ್ಕೆ ಇದು ಸಮರ್ಪಕ ವಿವರಣೆ.

ಸ್ವೀಕಾರ ಮತ್ತು ರೂಪಾಂತರಗಳು

ಚಿತ್ರ ಜಗತ್ತಿನಾದ್ಯಂತ ಸುಮಾರು 35.8 ಕೋಟಿ ಡಾಲರ್ ಗಳಿಸಿತು. ವಿಮರ್ಶಕ ರೋಜರ್ ಈಬರ್ಟ್ ಇದನ್ನು 2002ರ ಅತ್ಯುತ್ತಮ ಚಿತ್ರವೆಂದು ಹೆಸರಿಸಿದರು. ಆಸ್ಕರ್‌ನಲ್ಲಿ ಧ್ವನಿ ಸಂಕಲನಕ್ಕೆ ನಾಮನಿರ್ದೇಶನ ಮಾತ್ರ ದೊರೆಯಿತು; ಸ್ಯಾಟರ್ನ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ವೈಜ್ಞಾನಿಕ ಚಿತ್ರವೆಂಬ ಮನ್ನಣೆ ಸಿಕ್ಕಿತು. ಸುಖಾಂತ್ಯದ ಬಗ್ಗೆ ಭಿನ್ನಾಭಿಪ್ರಾಯವಿದೆ. ಹೇಲೋ ತೊಟ್ಟವರಿಗೆ ಕನಸುಗಳು ಬೀಳುತ್ತವೆಂದು ಗಿಡಿಯನ್ ಹೇಳುವ ಮಾತನ್ನು ಹಿಡಿದು, ಕ್ರೋ ಸತ್ತ ಮೇಲೆ ಆ್ಯಂಡರ್ಟನ್ನನೂ ಬಂಧಿತನಾಗಿ ಹೇಲೋ ತೊಟ್ಟ ನಂತರದ್ದೆಲ್ಲ ಅವನ ಕನಸೆಂದು ವ್ಯಾಖ್ಯಾನಿಸುವವರಿದ್ದಾರೆ.

2002ರಲ್ಲೇ ವೀಡಿಯೊ ಗೇಮ್ ಹೊರಬಂತು. ಚಿತ್ರದ ಘಟನೆಗಳ ನಂತರದ ಕಥೆಯುಳ್ಳ ದೂರದರ್ಶನ ಸರಣಿಯೊಂದು 2015ರಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಆರಂಭವಾಗಿ ಹತ್ತು ಕಂತುಗಳಿಗೆ ಮುಗಿಯಿತು. ಡೇವಿಡ್ ಹೇಗ್ ಮಾಡಿದ ರಂಗರೂಪ 2024ರಲ್ಲಿ ಬ್ರಿಟನ್ನಿನಲ್ಲಿ ಪ್ರದರ್ಶನಗೊಂಡಿತು. ಭವಿಷ್ಯದರ್ಶನವನ್ನು ಕುರಿತ ಡಿಕ್‌ನ ಬೇರೆ ಕಥೆಗಳಿಂದ 'ಪೇಚೆಕ್' (2003) ಮತ್ತು 'ನೆಕ್ಸ್ಟ್' (2007) ಎಂಬ ಸಾಹಸ ಚಿತ್ರಗಳು ಬಂದವಾದರೂ ಅವುಗಳಿಗೆ ಈ ಮಟ್ಟದ ಮನ್ನಣೆ ದೊರೆಯಲಿಲ್ಲ.

ಪ್ರಸ್ತುತ ಸ್ಥಿತಿ

ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ, 2001ರ ಸೆಪ್ಟೆಂಬರ್ 11ರ ದಾಳಿ ನಡೆದು, ಕೃತ್ಯಕ್ಕೆ ಮುನ್ನವೇ ಶಂಕಿತರನ್ನು ಬಂಧಿಸುವ ಚರ್ಚೆ ಅಮೆರಿಕದಲ್ಲಿ ತೀವ್ರವಾಯಿತು. ಹೀಗಾಗಿ ಚಿತ್ರವನ್ನು ಆ ಹಿನ್ನೆಲೆಯಲ್ಲಿಯೇ ಓದಲಾಯಿತು. ಮುನ್ನೆಚ್ಚರಿಕೆಯ ಬಂಧನ ಎಂಬ ಕಲ್ಪನೆ ಭಾರತದ ಕಾನೂನಿಗೂ ಹೊಸತಲ್ಲ: ಸಂವಿಧಾನದ 22ನೇ ವಿಧಿ ಅದಕ್ಕೆ ಷರತ್ತುಗಳೊಂದಿಗೆ ಅವಕಾಶ ನೀಡುತ್ತದೆ, ಕರ್ನಾಟಕದಲ್ಲಿ ಗೂಂಡಾ ಕಾಯ್ದೆ ಎಂದು ಕರೆಯಲಾಗುವ 1985ರ ಅಧಿನಿಯಮವೂ ಈ ವರ್ಗಕ್ಕೇ ಸೇರಿದೆ. ಆದರೆ ಅಲ್ಲಿ ಆಧಾರವಾಗುವುದು ವ್ಯಕ್ತಿಯ ಹಿಂದಿನ ನಡವಳಿಕೆಯೇ ಹೊರತು ಮುಂದಿನ ದರ್ಶನವಲ್ಲ.

ಗಣಕಗಳ ನೆರವಿನಿಂದ ಅಪರಾಧವನ್ನು ಮುನ್ಸೂಚಿಸುವ ಪ್ರಯತ್ನಗಳು 2010ರ ನಂತರ ಹೆಚ್ಚಿದವು. ಪ್ರೆಡ್‌ಪೋಲ್ ಎಂಬ ತಂತ್ರಾಂಶ ಹಿಂದಿನ ದೂರುಗಳ ದತ್ತಾಂಶದಿಂದ ಅಪರಾಧ ನಡೆಯಬಹುದಾದ ಸ್ಥಳ ಮತ್ತು ಸಮಯವನ್ನು ಸೂಚಿಸುತ್ತಿತ್ತು. ಷಿಕಾಗೊ ಪೊಲೀಸರ ಪಟ್ಟಿಯೊಂದು ವ್ಯಕ್ತಿಗಳಿಗೇ ಅಪಾಯದ ಅಂಕ ನೀಡುತ್ತಿತ್ತು. ಹಿಂದೆ ಪೊಲೀಸರು ಹೆಚ್ಚು ಸುತ್ತಿದ ಬಡಾವಣೆಗಳಿಂದಲೇ ಹೆಚ್ಚು ದಾಖಲೆಗಳು ಬಂದು, ಅವುಗಳ ಆಧಾರದಲ್ಲಿ ಮತ್ತೆ ಅಲ್ಲಿಗೇ ಪೊಲೀಸರನ್ನು ಕಳುಹಿಸುವ ಸುತ್ತು ಉಂಟಾಗುತ್ತದೆಂಬ ಟೀಕೆ ಬಲಗೊಂಡು, 2020ರ ವೇಳೆಗೆ ಲಾಸ್ ಏಂಜಲೀಸ್ ಮತ್ತು ಷಿಕಾಗೊ ಈ ವಿಧಾನಗಳನ್ನು ಕೈಬಿಟ್ಟವು. ಇಂಥ ತಂತ್ರಾಂಶವನ್ನು ಮೊದಮೊದಲು ಪ್ರಯೋಗಿಸಿದ ಸಾಂಟಾ ಕ್ರೂಜ್ ನಗರ ಅದೇ ವರ್ಷ ಅದನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟದ 2024ರ ಕೃತಕ ಬುದ್ಧಿಮತ್ತೆ ಕಾನೂನು, ಕೇವಲ ವ್ಯಕ್ತಿಚಿತ್ರಣ ಅಥವಾ ಸ್ವಭಾವ ಲಕ್ಷಣಗಳ ಆಧಾರದ ಮೇಲೆ ಒಬ್ಬ ವ್ಯಕ್ತಿ ಅಪರಾಧ ಮಾಡುವ ಸಾಧ್ಯತೆಯನ್ನು ಅಳೆಯುವ ವ್ಯವಸ್ಥೆಗಳನ್ನು ನಿಷೇಧಿತ ಬಳಕೆಗಳ ಪಟ್ಟಿಗೆ ಸೇರಿಸಿದ್ದು, ಆ ನಿಷೇಧ 2025ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ.